ಸುಟ್ಟ ಮಾಂಸದ ದೋಷವನ್ನು ತರಕಾರಿ ಕಳೆಯುವುದೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಕೆಂಡದ ಮೇಲೆ ಸುಟ್ಟ ಮಾಂಸವೆಂದರೆ ಎಲ್ಲರಿಗೂ ಇಷ್ಟ. ಕರಿಕಾದ ಭಾಗದಿಂದ ಕ್ಯಾನ್ಸರ್ ಬರಬಹುದೆಂದು ಕೇಳಿದ್ದೇನೆ. ಜೊತೆಗೆ ಧಾರಾಳವಾಗಿ ತರಕಾರಿ ತಿಂದರೆ ಅದರಲ್ಲಿನ ಆಂಟಿಆಕ್ಸಿಡೆಂಟ್‌ಗಳು ಆ ಕೆಡುಕನ್ನು ತಡೆಯುತ್ತವೆಯೇ? ಅವನ್ನು ಮಾತ್ರೆಯಾಗಿ ನುಂಗಬಹುದೇ?

ಉತ್ತರ: ತರಕಾರಿಯಿಂದ ಪ್ರಯೋಜನವಿದೆ, ಆದರೆ ಅದು ಆಂಟಿಆಕ್ಸಿಡೆಂಟ್‌ಗಳಿಂದ (ಜೀವಕೋಶಗಳನ್ನು ಆಕ್ಸಿಡೀಕರಣದ ಹಾನಿಯಿಂದ ಕಾಯುವ ವಸ್ತುಗಳಿಂದ) ಮಾತ್ರ ಬರುವುದಲ್ಲ. ಮಾಂಸಖಂಡದಲ್ಲಿರುವ ಕ್ರಿಯಾಟಿನ್ ಮತ್ತು ಅಮೈನೋ ಆಮ್ಲಗಳು ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವಿನಲ್ಲಿ ಕೂಡಿ ಹಾನಿಕರವಾದ ಹೆಟೆರೊಸೈಕ್ಲಿಕ್ ಅಮೈನ್‌ಗಳಾಗುತ್ತವೆ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಚುರ್ರೆಂದು ಏಳುವ ಹೊಗೆಯಲ್ಲಿ ಬೆಂಜೊಪೈರೀನ್‌ನಂಥ ಇನ್ನೊಂದು ಬಗೆಯ ವಸ್ತುಗಳಿದ್ದು, ಅವು ಮಾಂಸದ ಮೇಲೇ ಕೂರುತ್ತವೆ. ಇವು ಹೊಟ್ಟೆಗೆ ಹೋದ ಮೇಲೆ ಯಕೃತ್ತಿನ ಕೆಲವು ಕಿಣ್ವಗಳು ಅವನ್ನು ಹೊರಹಾಕುವ ಪ್ರಯತ್ನದಲ್ಲೇ, ನಡುವಿನ ಒಂದು ಹಂತದಲ್ಲಿ, ಡಿಎನ್‌ಎಗೆ ಅಂಟಿಕೊಳ್ಳಬಲ್ಲ ರೂಪಕ್ಕೆ ತಿರುಗಿಸಿಬಿಡುತ್ತವೆ. ಕ್ಯಾನ್ಸರಿನ ಅಪಾಯವಿರುವುದು ಇಲ್ಲಿ.

ಎಲೆಕೋಸು, ಹೂಕೋಸು, ಬ್ರೊಕೊಲಿಗಳ ಬೆಲೆ ತಿಳಿಯುವುದೂ ಇಲ್ಲಿಯೇ. ಎಲೆಕೋಸನ್ನು ಹೆಚ್ಚುವಾಗ ಮೂಗಿಗೆ ಬಡಿಯುವ ಆ ಘಾಟನ್ನು ನೀವು ಗಮನಿಸಿರಬಹುದು. ಚಾಕು ತಗುಲಿ ಜೀವಕೋಶ ಒಡೆದಾಗ ಅದರೊಳಗಿನ ಕಿಣ್ವವೊಂದು ಗಂಧಕವುಳ್ಳ ಸಂಯುಕ್ತಗಳನ್ನು ಬಿಡಿಸುವುದರಿಂದ ಅದು ಹುಟ್ಟುತ್ತದೆ. ಬ್ರೊಕೊಲಿಯಲ್ಲಿ ಹೀಗೆ ಹುಟ್ಟುವ ಸಲ್ಫೊರಾಫೇನ್, ಯಕೃತ್ತಿನಲ್ಲಿ ವಿಷವಸ್ತುಗಳನ್ನು ಕಟ್ಟಿ ಹೊರಸಾಗಿಸುವ ಕಿಣ್ವಗಳ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ತರಕಾರಿಯನ್ನು ಬಹಳ ಹೊತ್ತು ಕುದಿಸಿದರೆ ಈ ಗುಣ ಬಹುಪಾಲು ಹೋಗುತ್ತದೆ. ಆದ್ದರಿಂದ ಹೆಚ್ಚಿ ಕೆಲವು ನಿಮಿಷ ಬಿಟ್ಟು, ಹಬೆಯಲ್ಲಿ ಹದವಾಗಿ ಬೇಯಿಸುವುದು ಒಳ್ಳೆಯದು. ಸೊಪ್ಪಿನ ಹಸಿರು ಬಣ್ಣಕ್ಕೆ ಕಾರಣವಾದ ಕ್ಲೋರೊಫಿಲ್‌ಗೂ ಈ ಅಮೈನ್‌ಗಳಲ್ಲಿ ಕೆಲವನ್ನು ಹಿಡಿದಿಡುವ ಗುಣವಿರುವುದು ಪ್ರಯೋಗಶಾಲೆಯಲ್ಲಿ ಕಂಡಿದೆ.

ಹಾಗಾದರೆ ಆಂಟಿಆಕ್ಸಿಡೆಂಟ್‌ಗಳಿಗೆ ಪಾತ್ರವೇ ಇಲ್ಲವೇ? ಇದೆ, ಅದೂ ಹೆಚ್ಚಾಗಿ ಒಲೆಗೆ ಇಡುವ ಮುನ್ನವೇ. ಬೆಳ್ಳುಳ್ಳಿ, ಈರುಳ್ಳಿ, ನಿಂಬೆರಸ ಅಥವಾ ರೋಸ್‌ಮರಿಯಂಥ ಮೂಲಿಕೆ ಸವರಿ ನೆನೆಸಿಟ್ಟ ಮಾಂಸದಲ್ಲಿ ಹೆಟೆರೊಸೈಕ್ಲಿಕ್ ಅಮೈನ್‌ಗಳು ಕಡಿಮೆ ಹುಟ್ಟುತ್ತವೆಂದು ಹಲವು ಪ್ರಯೋಗಗಳು ತೋರಿಸಿವೆ. ಹುಟ್ಟಿದ ಮೇಲೆ ಎದುರಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದೇ ಸುಲಭವೆಂದು ನನಗೆ ತೋರುತ್ತದೆ. ಮೊದಲು ಬೇರೆ ಒಲೆಯಲ್ಲಿ ಅರೆಬೇಯಿಸಿ, ಬಿಟ್ಟುಕೊಂಡ ರಸವನ್ನು ಚೆಲ್ಲಿ, ಕೆಂಡದ ಮೇಲೆ ಕೊನೆಗೆ ಸ್ವಲ್ಪ ಹೊತ್ತಷ್ಟೇ ಇಟ್ಟು, ಪದೇ ಪದೇ ಮಗುಚುತ್ತಿದ್ದರೂ ಇದೇ ಲಾಭವಿದೆ. ಕರಿಕಾದ ಅಂಚನ್ನು ತರಕಾರಿಯ ಭರವಸೆಯ ಮೇಲೆ ತಿನ್ನಬೇಡಿ, ಕತ್ತರಿಸಿ ಬಿಸಾಡಿ.

ಮಾತ್ರೆಯ ವಿಷಯದಲ್ಲಿ ನನ್ನ ಉತ್ತರ ಬೇಡ ಎಂದೇ. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ (ಕ್ಯಾರೆಟ್‌ನಂಥ ತರಕಾರಿಗಳಲ್ಲಿರುವ ಒಂದು ಆಂಟಿಆಕ್ಸಿಡೆಂಟ್) ಕೊಟ್ಟು ನಡೆಸಿದ ದೊಡ್ಡ ಅಧ್ಯಯನದ ಫಲಿತಾಂಶ 1994ರಲ್ಲಿ ಪ್ರಕಟವಾದಾಗ, ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಶೇಕಡ 18ರಷ್ಟು ಏರಿತ್ತು. ಅದು ಸುಟ್ಟ ಮಾಂಸದ ಕುರಿತ ಅಧ್ಯಯನವಲ್ಲವಾದರೂ, ತರಕಾರಿಯಿಂದ ಒಂದು ಅಂಶವನ್ನು ಬೇರ್ಪಡಿಸಿ ನುಂಗಿದರೆ ತರಕಾರಿ ತಿಂದ ಫಲ ಸಿಗುತ್ತದೆಂದು ನಂಬುವಂತಿಲ್ಲ ಎಂಬುದಕ್ಕೆ ಅಷ್ಟು ಸಾಕು.