ಕಾನೂನು ಪ್ರಶ್ನೋತ್ತರ: ಒಪ್ಪಿ ಬೇರೆಯಾಗುವ ಮುನ್ನ ಬರೆದಿಡಬೇಕಾದ ಮಾತುಗಳು

ಈ ಸಂಚಿಕೆಗೆ ಆಯ್ದುಕೊಂಡ ಪತ್ರಗಳೆಲ್ಲವೂ 1955ರ ಹಿಂದೂ ವಿವಾಹ ಕಾಯ್ದೆಯ ವ್ಯಾಪ್ತಿಗೆ ಬರುವ ದಂಪತಿಗಳವು. ಬೌದ್ಧ, ಜೈನ ಮತ್ತು ಸಿಖ್ಖರಿಗೂ ಇದೇ ಕಾಯ್ದೆ ಅನ್ವಯಿಸುತ್ತದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನದ ನಿಯಮ ಹೆಚ್ಚುಕಡಿಮೆ ಹೀಗೆಯೇ ಇದೆ. ಕ್ರೈಸ್ತ ಮತ್ತು ಮುಸ್ಲಿಂ ದಂಪತಿಗಳಿಗೆ ಬೇರೆ ಕಾನೂನುಗಳಿರುವುದರಿಂದ ಅವರು ಈ ಉತ್ತರಗಳನ್ನು ಯಥಾವತ್ತಾಗಿ ತಮಗೆ ಅನ್ವಯಿಸಿಕೊಳ್ಳಬಾರದು.

ಪ್ರಶ್ನೆ: ಮದುವೆಯಾಗಿ ಆರು ವರ್ಷ, ಬೇರೆಯಾಗಿ ಮೂರು ವರ್ಷವಾಯಿತು. ಎರಡೂ ಕಡೆಯ ಹಿರಿಯರು ಕುಳಿತು, ಛಾಪಾ ಕಾಗದದ ಮೇಲೆ ಬರೆಸಿ, ನಮ್ಮಿಬ್ಬರ ಸಹಿ ಹಾಕಿಸಿ ನೋಟರಿ ಮಾಡಿಸಿದ್ದಾರೆ. ನನ್ನ ಪತಿ ಈಗ ಬೇರೆ ಮದುವೆಗೆ ಸಿದ್ಧತೆ ನಡೆಸಿದ್ದಾರೆ. ನಮ್ಮ ಸಂಬಂಧ ಕಾನೂನಿನ ಪ್ರಕಾರ ಮುಗಿದಿದೆಯೇ?

ಉತ್ತರ: ಮುಗಿದಿಲ್ಲ. ಛಾಪಾ ಕಾಗದದ ಬೆಲೆ ಎಷ್ಟೇ ಇರಲಿ, ಎಷ್ಟೇ ಸಾಕ್ಷಿಗಳು ರುಜು ಹಾಕಿರಲಿ, ನ್ಯಾಯಾಲಯದ ಡಿಕ್ರಿ ಇಲ್ಲದೆ ವಿವಾಹ ರದ್ದಾಗುವುದಿಲ್ಲ. ನೋಟರಿ ದೃಢೀಕರಿಸುವುದು ಸಹಿ ನಿಮ್ಮದೇ ಎಂಬುದನ್ನೇ ಹೊರತು ವಿಚ್ಛೇದನವನ್ನಲ್ಲ. ಕೆಲವು ಸಮುದಾಯಗಳಲ್ಲಿ ಬಹುಕಾಲದಿಂದ ನಡೆದುಬಂದ ವಿಚ್ಛೇದನದ ರೂಢಿಯನ್ನು ಕಾಯ್ದೆಯ 29(2)ನೆಯ ಕಲಮು ಉಳಿಸಿಕೊಂಡಿರುವುದು ನಿಜ. ಆದರೆ ಅಂಥ ರೂಢಿ ತಮ್ಮಲ್ಲಿದೆ ಎಂದು ಹೇಳುವವರೇ ಅದನ್ನು ಸಾಕ್ಷ್ಯಸಹಿತ ಸಾಬೀತುಪಡಿಸಬೇಕಾಗುತ್ತದೆ, ಮತ್ತು ಅದು ಸುಲಭದ ಕೆಲಸವಲ್ಲ. ಈ ಸ್ಥಿತಿಯಲ್ಲಿ ನಿಮ್ಮ ಪತಿ ಇನ್ನೊಂದು ಮದುವೆಯಾದರೆ ಆ ಮದುವೆ ಅಸಿಂಧುವಾಗುವುದಲ್ಲದೆ, ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮಿನಡಿ ಏಳು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವೂ ಆಗುತ್ತದೆ. ನೀವು ಮರುಮದುವೆಯಾದರೂ ಇದೇ ಮಾತು. ಹಾಗೆಂದು ಆ ಕಾಗದವನ್ನು ಹರಿದು ಹಾಕಬೇಡಿ. ನೀವಿಬ್ಬರೂ ಯಾವ ದಿನದಿಂದ ಬೇರೆಯಾಗಿದ್ದೀರಿ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷ್ಯವಾಗಬಲ್ಲದು, ಮತ್ತು ಆ ದಿನಾಂಕ ಎಷ್ಟು ಮುಖ್ಯ ಎಂಬುದು ಮುಂದಿನ ಉತ್ತರದಲ್ಲಿ ಸ್ಪಷ್ಟವಾಗುತ್ತದೆ.

ಪ್ರಶ್ನೆ: ನಾನೂ ನನ್ನ ಪತ್ನಿಯೂ ಎರಡು ವರ್ಷದಿಂದ ಬೇರೆ ಇದ್ದು, ಜಗಳವಿಲ್ಲದೆ ವಿಚ್ಛೇದನ ಪಡೆಯಲು ಒಪ್ಪಿದ್ದೇವೆ. ಏಳು ವರ್ಷದ ಮಗಳಿದ್ದಾಳೆ. ಇಬ್ಬರ ಹೆಸರಿನಲ್ಲಿ ಗೃಹಸಾಲವಿದೆ. ಇನ್ನೂ ಆರು ತಿಂಗಳು ಕಾಯಲೇಬೇಕೇ? ಒಪ್ಪಂದದಲ್ಲಿ ಏನೇನಿರಬೇಕು?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. 1976ರ ತಿದ್ದುಪಡಿಯಿಂದ ಸೇರಿದ 13ಬಿ ಕಲಮಿನ ಪ್ರಕಾರ, ಕನಿಷ್ಠ ಒಂದು ವರ್ಷ ಬೇರೆಯಾಗಿದ್ದ ದಂಪತಿಗಳು ಜಂಟಿಯಾಗಿ ಅರ್ಜಿ ಸಲ್ಲಿಸಬೇಕು, ಅಲ್ಲಿಂದ ಆರು ತಿಂಗಳ ನಂತರ ಹಾಗೂ ಹದಿನೆಂಟು ತಿಂಗಳ ಒಳಗೆ ಇಬ್ಬರೂ ಮತ್ತೆ ನ್ಯಾಯಾಲಯದ ಮುಂದೆ ಬಂದು ತಮ್ಮ ಒಪ್ಪಿಗೆಯನ್ನು ದೃಢಪಡಿಸಬೇಕು. ‘ಬೇರೆ’ ಎಂದರೆ ಬೇರೆ ಮನೆ ಎಂದೇ ಅಲ್ಲ; ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯರಂತೆ ಬಾಳುತ್ತಿಲ್ಲವಾದರೆ ಸಾಕು. ಈ ಆರು ತಿಂಗಳ ಅವಧಿಯನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅರ್ಜಿ ಸಲ್ಲಿಸುವ ಮೊದಲೇ ಒಂದೂವರೆ ವರ್ಷದ ಅಗಲಿಕೆ ಕಳೆದಿರಬೇಕು, ರಾಜಿ ಮಾಡಿಸುವ ಪ್ರಯತ್ನಗಳು ವಿಫಲವಾಗಿರಬೇಕು, ಜೀವನಾಂಶ ಮತ್ತು ಮಗುವಿನ ಪಾಲನೆಯ ವಿಷಯಗಳು ನಿಜವಾಗಿಯೂ ಇತ್ಯರ್ಥವಾಗಿರಬೇಕು, ಇನ್ನಷ್ಟು ಕಾಯಿಸುವುದು ನೋವನ್ನು ಬೆಳೆಸುವುದಷ್ಟೇ ಎಂದು ನ್ಯಾಯಾಲಯಕ್ಕೆ ಅನಿಸಬೇಕು. ನಿಮ್ಮ ಎರಡು ವರ್ಷ ಇದಕ್ಕೆ ಸಾಕಾಗುತ್ತದೆ. ಮೊದಲ ಹಂತ ಮುಗಿದ ಒಂದು ವಾರದ ಬಳಿಕ ಮನ್ನಾ ಕೋರಿ ಅರ್ಜಿ ಹಾಕಬಹುದು, ಆದರೆ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು.

ಎರಡನೆಯ ಪ್ರಶ್ನೆಯನ್ನು ನೀವು ಕೇಳಿದ್ದು ನನಗೆ ಸಮಾಧಾನ ತಂದಿತು, ಏಕೆಂದರೆ ಬರೆಯುವ ಬಹುಪಾಲು ಜನರು ‘ಎಷ್ಟು ದಿನ’ ಎಂಬಲ್ಲಿಗೇ ನಿಲ್ಲುತ್ತಾರೆ. ಮದುವೆ ರದ್ದಾಯಿತು ಎಂಬ ಡಿಕ್ರಿ ಕೆಲವೇ ಸಾಲುಗಳದ್ದು. ಮುಂದಿನ ಹತ್ತು ಹನ್ನೊಂದು ವರ್ಷ, ಅಂದರೆ ಮಗಳಿಗೆ ಹದಿನೆಂಟು ತುಂಬುವವರೆಗೆ, ನೀವಿಬ್ಬರೂ ನಡೆದುಕೊಳ್ಳಬೇಕಾದದ್ದು ಅದರ ಜೊತೆಗಿರುವ ರಾಜಿ ಪತ್ರದ ಪ್ರಕಾರ.

ನಾನು ನೋಡಿದ ರಾಜಿ ಪತ್ರಗಳಲ್ಲಿ ಪದೇಪದೇ ಕಾಣುವ ಒಂದು ಸಾಲು ಹೀಗಿರುತ್ತದೆ: ‘ತಂದೆಯು ತನಗೆ ಅನುಕೂಲವಾದಾಗ ಮಗುವನ್ನು ನೋಡತಕ್ಕದ್ದು.’ ಸಹಿ ಹಾಕುವ ದಿನ ಇಬ್ಬರಿಗೂ ಇದು ಉದಾರವಾಗಿಯೇ ಕಾಣುತ್ತದೆ. ಮೂರು ತಿಂಗಳ ನಂತರ, ಪರೀಕ್ಷೆಯ ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ತಂದೆ ಬಂದು ಬಾಗಿಲು ತಟ್ಟಿದಾಗ, ಅನುಕೂಲ ಯಾರದು ಎಂಬ ಪ್ರಶ್ನೆ ಏಳುತ್ತದೆ. ಇದರ ಬದಲಿಗೆ, ಯಾವ ಯಾವ ಶನಿವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾರು ಕರೆದುಕೊಂಡು ಹೋಗಿ ಯಾರು ಬಿಡಬೇಕು, ಬೇಸಿಗೆ ರಜೆಯಲ್ಲಿ ಎಷ್ಟು ದಿನ ಯಾರ ಬಳಿ, ವೀಡಿಯೊ ಕರೆ ವಾರಕ್ಕೆಷ್ಟು ಬಾರಿ, ಒಂದು ಭೇಟಿ ತಪ್ಪಿದರೆ ಅದಕ್ಕೆ ಬದಲಿ ದಿನ ಯಾವುದು ಎಂದು ಬರೆಯಿಸಿ. ಶಾಲೆ ಬದಲಿಸುವಾಗ, ಶಸ್ತ್ರಚಿಕಿತ್ಸೆಗೆ, ಪಾಸ್‌ಪೋರ್ಟಿಗೆ ಯಾರ ಸಹಿ ಬೇಕು ಎಂಬುದೂ ಅಲ್ಲಿರಲಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ. ಆ ವಯಸ್ಸು ದಾಟಿದ ಮಗು ತಾನಾಗಿ ತಂದೆಯ ಪಾಲಿಗೆ ಬರುತ್ತದೆ ಎಂದು ಇದರ ಅರ್ಥವಲ್ಲ. ಯಾವ ವಯಸ್ಸಿನಲ್ಲಾದರೂ ನ್ಯಾಯಾಲಯ ನೋಡುವುದು ಮಗುವಿನ ಹಿತವನ್ನೇ, ಮತ್ತು ಪರಿಸ್ಥಿತಿ ಬದಲಾದರೆ ಈ ಏರ್ಪಾಡನ್ನು ಬದಲಿಸುವಂತೆ ಕೋರಬಹುದು.

ಮಗಳ ಖರ್ಚಿನ ಬಗ್ಗೆ ಒಂದು ಎಚ್ಚರಿಕೆ. ‘ಪತ್ನಿಯು ತನಗಾಗಲಿ ಮಗುವಿಗಾಗಲಿ ಏನನ್ನೂ ಕೇಳತಕ್ಕದ್ದಲ್ಲ’ ಎಂದು ಬರೆಸಿಕೊಂಡರೆ ಹೊಣೆ ಕಳೆಯಿತೆಂದು ಭಾವಿಸಬೇಡಿ. ತಂದೆತಾಯಿಗಳಿಂದ ಪೋಷಣೆ ಪಡೆಯುವುದು ಮಗುವಿನದೇ ಹಕ್ಕು. ತಾಯಿ ಅದನ್ನು ಮಗುವಿನ ಪರವಾಗಿ ಬಿಟ್ಟುಕೊಡಲು ಬರುವುದಿಲ್ಲ. ಇಂದಿನ ಶಾಲಾ ಶುಲ್ಕವನ್ನಷ್ಟೇ ನೋಡಿ ಮೊತ್ತ ನಿಗದಿ ಮಾಡದೆ, ಪ್ರತಿ ವರ್ಷ ಅದು ಎಷ್ಟು ಏರಬೇಕೆಂಬುದನ್ನೂ ಸೇರಿಸಿ.

ಗೃಹಸಾಲದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ‘ಮನೆ ಪತ್ನಿಗೆ, ಸಾಲದ ಕಂತು ಪತಿಗೆ’ ಎಂಬ ಒಪ್ಪಂದ ನಿಮ್ಮಿಬ್ಬರನ್ನು ಬಂಧಿಸುತ್ತದೆಯೇ ಹೊರತು ಬ್ಯಾಂಕನ್ನಲ್ಲ. ಸಾಲಪತ್ರಕ್ಕೆ ಇಬ್ಬರೂ ಸಹಿ ಹಾಕಿರುವವರೆಗೆ, ಕಂತು ತಪ್ಪಿದಾಗ ಬ್ಯಾಂಕಿನವರು ಇಬ್ಬರಲ್ಲಿ ಯಾರನ್ನಾದರೂ ಹಿಡಿಯಬಹುದು. ಆದ್ದರಿಂದ ಅರ್ಜಿಗೆ ಮೊದಲೇ ಬ್ಯಾಂಕಿಗೆ ಹೋಗಿ, ಸಾಲವನ್ನು ಒಬ್ಬರ ಹೆಸರಿಗೆ ಮಾಡಲು ಅವರು ಒಪ್ಪುತ್ತಾರೆಯೇ ಎಂದು ಲಿಖಿತವಾಗಿ ತಿಳಿದುಕೊಳ್ಳಿ; ಒಪ್ಪದಿದ್ದರೆ ಮನೆ ಮಾರಿ ಸಾಲ ತೀರಿಸಿ ಉಳಿದದ್ದನ್ನು ಹಂಚಿಕೊಳ್ಳುವುದು ಬಹಳ ಸಲ ಸುಖಕರ. ಮನೆ ಒಬ್ಬರಿಗೇ ಹೋಗುವುದಾದರೆ ಹಕ್ಕು ಬಿಡುಗಡೆ ಪತ್ರದ ನೋಂದಣಿ ಯಾವ ದಿನಾಂಕದೊಳಗೆ, ಮುದ್ರಾಂಕ ಶುಲ್ಕ ಯಾರ ಖರ್ಚು ಎಂಬುದನ್ನೂ ಬರೆಯಿರಿ. ಒಡವೆಗಳ ಪಟ್ಟಿಯನ್ನು ಗ್ರಾಂ ಲೆಕ್ಕದಲ್ಲಿ ಲಗತ್ತಿಸಿ: ಸ್ತ್ರೀಧನ ಪತ್ನಿಯ ಸ್ವಂತ ಸೊತ್ತು, ಅದನ್ನು ಹಿಂದಿರುಗಿಸುವುದು ಜೀವನಾಂಶ ಕೊಟ್ಟಂತೆ ಆಗುವುದಿಲ್ಲ. ವಿಮೆ, ಭವಿಷ್ಯನಿಧಿ ಮತ್ತು ಬ್ಯಾಂಕ್ ಖಾತೆಗಳಲ್ಲಿನ ನಾಮಿನಿ ಹೆಸರುಗಳನ್ನು ಡಿಕ್ರಿಯ ನಂತರ ಮರೆಯದೆ ಪರಿಶೀಲಿಸಿ.

ಪ್ರಶ್ನೆ: ಸಂಬಳದ ಮೂರನೇ ಒಂದು ಭಾಗವನ್ನು ಹೆಂಡತಿಗೆ ಕೊಡಲೇಬೇಕೆಂದು ಒಬ್ಬರು, ಹೆಂಡತಿ ಕೆಲಸದಲ್ಲಿದ್ದರೆ ಬಿಡಿಗಾಸೂ ಇಲ್ಲವೆಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ತಪ್ಪು. 2017ರ ಒಂದು ಪ್ರಕರಣದಲ್ಲಿ ಪತಿಯ ನಿವ್ವಳ ಸಂಬಳದ ಶೇ. 25ರಷ್ಟು ಸಮಂಜಸವೆಂದು ಸುಪ್ರೀಂ ಕೋರ್ಟ್ ಹೇಳಿದ್ದನ್ನೇ ಹಿಡಿದು ಇಂಥ ಲೆಕ್ಕಗಳು ಹಬ್ಬುತ್ತವೆ. ಎಲ್ಲರಿಗೂ ಹೊಂದುವ ಸಿದ್ಧ ಸೂತ್ರವಿಲ್ಲ ಎಂದು 2020ರ ರಜನೀಶ್ ವಿರುದ್ಧ ನೇಹಾ ತೀರ್ಪು ಸ್ಪಷ್ಟಪಡಿಸಿದೆ. ಪತ್ನಿ ದುಡಿಯುತ್ತಿದ್ದಾಳೆಂಬ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ; ಮದುವೆಯ ಮನೆಯಲ್ಲಿದ್ದ ಜೀವನಮಟ್ಟಕ್ಕೆ ಅವಳ ಆದಾಯ ಸಾಕೇ ಎಂಬುದನ್ನು ನೋಡುತ್ತಾರೆ. ಅದೇ ತೀರ್ಪಿನಂತೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಮತ್ತು ಖರ್ಚುಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕು, ಮತ್ತು ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕು. ಅಂದಹಾಗೆ, ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೆಯ ಕಲಮುಗಳಡಿ ಆದಾಯವಿಲ್ಲದ ಪತಿಯೂ ಜೀವನಾಂಶ ಕೇಳಬಹುದು. ಹಿಂದಿನ ದಂಡಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಡಿ ಪತ್ನಿಗಿದ್ದ ಪರಿಹಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ.

ಪ್ರಶ್ನೆ: ಜಂಟಿ ಅರ್ಜಿಗೆ ಸಹಿ ಹಾಕಿ ನಾಲ್ಕು ತಿಂಗಳಾಗಿದೆ. ಈಗ ನನಗೆ ವಿಚ್ಛೇದನ ಬೇಡವೆನಿಸುತ್ತಿದೆ. ಹಿಂದೆ ಸರಿಯಬಹುದೇ?

ಉತ್ತರ: ಸರಿಯಬಹುದು. ಡಿಕ್ರಿ ಆಗುವವರೆಗೂ ಇಬ್ಬರ ಒಪ್ಪಿಗೆಯೂ ಉಳಿದಿರಬೇಕೆಂದು 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಒಪ್ಪಂದದ ಪ್ರಕಾರ ಹಣ ಅಥವಾ ಆಸ್ತಿ ಈಗಾಗಲೇ ನಿಮ್ಮ ಕೈಸೇರಿದ್ದರೆ ಅದನ್ನು ಹಿಂದಿರುಗಿಸುವ ಪ್ರಶ್ನೆ ಏಳುತ್ತದೆ; ವಕೀಲರಿಗೆ ಏನನ್ನೂ ಮುಚ್ಚಿಡದೆ ಹೇಳಿ, ಅವರ ಮೂಲಕವೇ ನ್ಯಾಯಾಲಯಕ್ಕೆ ತಿಳಿಸಿ, ವಾಯಿದೆಯ ದಿನ ಸುಮ್ಮನೆ ಗೈರುಹಾಜರಾಗಬೇಡಿ. ನಿಮ್ಮ ಪತಿಗೆ ಆಗ ಉಳಿಯುವ ದಾರಿಯೆಂದರೆ ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ ಮುಂತಾದ ಕಾರಣಗಳನ್ನು ಮುಂದಿಟ್ಟು 13ನೆಯ ಕಲಮಿನಡಿ ತಾವೊಬ್ಬರೇ ಅರ್ಜಿ ಸಲ್ಲಿಸುವುದು. ‘ಸಂಸಾರ ಸರಿಪಡಿಸಲಾಗದಷ್ಟು ಮುರಿದಿದೆ’ ಎಂಬುದು ಆ ಕಲಮಿನಲ್ಲಿ ಇಲ್ಲ. ಆ ಕಾರಣಕ್ಕೆ ವಿವಾಹ ರದ್ದುಪಡಿಸುವ ಅಧಿಕಾರ ಸಂವಿಧಾನದ 142ನೆಯ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ ಇದೆಯೆಂದು 2023ರಲ್ಲಿ ಸಂವಿಧಾನ ಪೀಠ ತೀರ್ಮಾನಿಸಿದೆ, ಅದೂ ಯಾರೂ ಹಕ್ಕಿನಿಂದ ಕೇಳುವಂಥದ್ದಲ್ಲ.

ಪ್ರಶ್ನೆ: ತವರಿನಲ್ಲಿದ್ದೇನೆ. ಪತಿ ಇರುವುದು ಬೇರೆ ಜಿಲ್ಲೆಯಲ್ಲಿ. ವಕೀಲರಿಗೆ ಕೊಡಲು ನನ್ನ ಬಳಿ ಹಣವಿಲ್ಲ.

ಉತ್ತರ: ನೀವು ಪತಿಯ ಊರಿಗೆ ಹೋಗಬೇಕಾಗಿಲ್ಲ. 2003ರ ತಿದ್ದುಪಡಿಯ ನಂತರ, ಅರ್ಜಿದಾರಳು ಪತ್ನಿಯಾಗಿದ್ದರೆ ತಾನು ವಾಸವಿರುವ ಸ್ಥಳದ ನ್ಯಾಯಾಲಯದಲ್ಲೇ ಅರ್ಜಿ ಸಲ್ಲಿಸಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮೊದಲು ಫೋನಿನಲ್ಲಿ ವಿಚಾರಿಸುವುದಾದರೆ ಸಹಾಯವಾಣಿ 15100. ಹೋಗುವಾಗ ಮದುವೆಯ ಆಮಂತ್ರಣ ಪತ್ರಿಕೆ ಅಥವಾ ನೋಂದಣಿ ಪತ್ರ, ಮದುವೆಯ ಒಂದು ಫೋಟೊ, ಇಬ್ಬರ ವಿಳಾಸದ ದಾಖಲೆ ಮತ್ತು ಮಕ್ಕಳಿದ್ದರೆ ಅವರ ಜನನ ಪ್ರಮಾಣಪತ್ರವನ್ನು ಒಯ್ಯಿರಿ. ಮೂಲ ಪ್ರತಿಗಳನ್ನು ನಿಮ್ಮ ಬಳಿಯೇ ಇಟ್ಟುಕೊಂಡು ಜೆರಾಕ್ಸ್ ಮಾತ್ರ ಕೊಡಿ.