ಮನೆಯಲ್ಲಿ ಬರುವ ಇಂಟಿಗ್ರೇಷನ್ ಪರೀಕ್ಷೆಯಲ್ಲಿ ಯಾಕೆ ಬರಲ್ಲ?

ನೀವು ಕೇಳಿದ್ದು ಇಷ್ಟು: ಸೆಕೆಂಡ್ ಪಿಯುಸಿ ಸೈನ್ಸ್, ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಪರೀಕ್ಷೆಗೆ ಇನ್ನು 20 ದಿನ. ಮನೆಯಲ್ಲಿ ಕೂತರೆ ಇಂಟಿಗ್ರೇಷನ್ ಲೆಕ್ಕ ಬರುತ್ತದೆ, ಪ್ರಿಪರೇಟರಿ ಪರೀಕ್ಷೆಯಲ್ಲಿ ಕೈ ನಡುಗಿ ಏನೂ ಹೊಳೆಯಲಿಲ್ಲ. ಏನು ಮಾಡಲಿ?

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಮೌಲ್ಯಮಾಪನಕ್ಕೂ ಹೋಗುತ್ತೇನೆ. ಅಲ್ಲಿ ಪ್ರತಿ ವರ್ಷ ನೋಡಿ ಹೊಟ್ಟೆ ಉರಿಯುವ ಒಂದು ಸಂಗತಿ ಇದೆ. ಲೆಕ್ಕ ಪೂರ್ತಿ ಸರಿಯಾಗಿ ಬಂದಿರುತ್ತದೆ. ಆದರೆ ಅದರ ಮೇಲೆ ಉದ್ದಕ್ಕೂ ಗೆರೆ ಎಳೆದು ಹೊಡೆದುಹಾಕಿರುತ್ತಾರೆ. ಕೆಳಗೆ ಬೇರೆ ದಾರಿ ಶುರು ಮಾಡಿ, ಅರ್ಧಕ್ಕೇ ಕೈಬಿಟ್ಟಿರುತ್ತಾರೆ. ಲೆಕ್ಕ ಗೊತ್ತಿತ್ತು, ತಾನು ಮಾಡಿದ್ದು ಸರಿ ಅನ್ನುವ ಧೈರ್ಯ ಇರಲಿಲ್ಲ.

ನಾನು ಪಿಯುಸಿ ಓದುವಾಗ ನನಗೂ ಇದೇ ಆಗಿತ್ತು. ಸೈನ್ ಎಕ್ಸ್ ಇಂಟು ಕಾಸ್ ಎಕ್ಸ್ ಅನ್ನು ಇಂಟಿಗ್ರೇಟ್ ಮಾಡಬೇಕಿತ್ತು. ನಾನು ಕಾಸ್ ಎಕ್ಸ್ ಅನ್ನು ಟಿ ಅಂತ ಇಟ್ಟುಕೊಂಡೆ. ಮೈನಸ್ ಕಾಸ್ ಸ್ಕ್ವೇರ್ ಎಕ್ಸ್ ಬೈ 2 ಬಂತು. ನನ್ನ ನೋಟ್ಸ್‌ನಲ್ಲಿ ಸೈನ್ ಸ್ಕ್ವೇರ್ ಎಕ್ಸ್ ಬೈ 2 ಅಂತ ಇದ್ದದ್ದು ನೆನಪಾಯಿತು. ಮೈ ಬೆವರಿತು. ಹೊಡೆದುಹಾಕಿದೆ, ಮತ್ತೆ ಮಾಡಿದೆ, ಮತ್ತೆ ಅದೇ ಬಂತು. ಅದರಲ್ಲೇ ಕಾಲು ಗಂಟೆ ಹೋಯಿತು. ಕೊನೆಗೆ ಎಲಿಪ್ಸ್‌ನ ವಿಸ್ತೀರ್ಣದ ಪ್ರಶ್ನೆಗೆ ಸಮಯವೇ ಸಾಲಲಿಲ್ಲ. ಎರಡೂ ಉತ್ತರ ಸರಿ ಅಂತ ಆಮೇಲೆ ನಮ್ಮ ಮೇಷ್ಟ್ರು ಹೇಳಿದರು. ಸೈನ್ ಸ್ಕ್ವೇರ್ ಮತ್ತು ಕಾಸ್ ಸ್ಕ್ವೇರ್ ಕೂಡಿದರೆ 1 ಅಲ್ವಾ? ಹಾಗಾಗಿ ಆ ಎರಡು ಉತ್ತರಗಳ ನಡುವೆ ಇರುವ ವ್ಯತ್ಯಾಸ ಬರೀ ಅರ್ಧ. ಆ ಅರ್ಧ ಪ್ಲಸ್ ಸಿ ಒಳಗೆ, ಅಂದರೆ ಉತ್ತರದ ಕೊನೆಗೆ ಬರೆಯುವ ಸ್ಥಿರಸಂಖ್ಯೆಯೊಳಗೆ, ಸೇರಿಹೋಗುತ್ತದೆ. ಪ್ಲಸ್ ಸಿ ಯಾಕೆ ಬರೆಯುತ್ತೇವೆ ಅನ್ನುವುದು ನನಗೆ ನಿಜವಾಗಿ ಅರ್ಥವಾಗಿದ್ದು ಆವತ್ತು.

ಅದಕ್ಕೇ ನಿಮಗೆ ಮೊದಲು ಹೇಳಬೇಕಾದ್ದು ಇದು: ಇಂಟಿಗ್ರೇಷನ್‌ನಲ್ಲಿ ನಿಮ್ಮ ಉತ್ತರ ಸರಿಯಾ ಅಂತ ನೀವೇ ನೋಡಿಕೊಳ್ಳಬಹುದು. ಬಂದ ಉತ್ತರವನ್ನು ಡಿಫರೆನ್ಷಿಯೇಟ್ ಮಾಡಿ. ಪ್ರಶ್ನೆಯಲ್ಲಿ ಇದ್ದದ್ದು ವಾಪಸ್ ಬಂದರೆ ಮುಗಿಯಿತು. ಪುಸ್ತಕದ ಹಿಂದಿನ ಉತ್ತರಕ್ಕೆ ಹೋಲದಿದ್ದರೂ ಪರವಾಗಿಲ್ಲ. ಸಣ್ಣ ಲೆಕ್ಕಕ್ಕೆ ಅರ್ಧ ನಿಮಿಷ ಸಾಕು. ಇವತ್ತಿನಿಂದಲೇ ಉತ್ತರದ ಪುಟ ತಿರುಗಿಸುವ ಮೊದಲು ಇದನ್ನು ಮಾಡಿ. ನಿಮ್ಮ ಉತ್ತರವನ್ನು ನೀವೇ ಪರೀಕ್ಷಿಸುವ ರೂಢಿ ಕೈಗೆ ಬಂದರೆ, ಹಾಲ್‌ನಲ್ಲಿ ಅನುಮಾನ ಬಂದಾಗ ಮಾಡಲು ಒಂದು ಕೆಲಸ ಇರುತ್ತದೆ. ಸುಮ್ನೆ ಪೇಪರ್ ನೋಡುತ್ತಾ ಕೂರುವುದು ತಪ್ಪುತ್ತದೆ. ಸಿಇಟಿಗೂ ಇದು ಉಪಯೋಗಕ್ಕೆ ಬರುತ್ತದೆ. ಅಲ್ಲಿ 80 ನಿಮಿಷದಲ್ಲಿ 60 ಪ್ರಶ್ನೆ. ಕೊಟ್ಟಿರುವ ಆಯ್ಕೆಗಳನ್ನೇ ಡಿಫರೆನ್ಷಿಯೇಟ್ ಮಾಡಿ ನೋಡುವುದು ಎಷ್ಟೋ ಸಲ ಬೇಗ ಆಗುತ್ತದೆ.

ಇನ್ನು ತಲೆ ಖಾಲಿಯಾಗುವ ವಿಷಯ. ಮನೆಯಲ್ಲಿ ನೀವು ಎಕ್ಸರ್‌ಸೈಜ್ ಪ್ರಕಾರ ಲೆಕ್ಕ ಮಾಡುತ್ತೀರಿ. ಮೇಲೆ ಪಾರ್ಷಿಯಲ್ ಫ್ರಾಕ್ಷನ್ ಅಂತ ಬರೆದಿರುತ್ತದೆ, ಕೆಳಗಿನ ಲೆಕ್ಕ ಎಲ್ಲಾ ಅದೇ ದಾರಿಯವು. ಪ್ರಶ್ನೆಪತ್ರಿಕೆಯಲ್ಲಿ ಆ ತಲೆಬರಹ ಇರುವುದಿಲ್ಲ. ದಾರಿ ಯಾವುದು ಅಂತ ಗುರುತಿಸುವ ಅಭ್ಯಾಸವನ್ನೇ ನಾವು ಮಾಡಿರುವುದಿಲ್ಲ. ನನ್ನ ಪ್ರಕಾರ ನಿಮ್ಮ ಕೈ ನಡುಗಿದ್ದು ಅದಕ್ಕೇ.

ಹೀಗೆ ಮಾಡಿ. ಬೇರೆ ಬೇರೆ ಎಕ್ಸರ್‌ಸೈಜ್‌ಗಳಿಂದ 30 ಲೆಕ್ಕ ಆರಿಸಿ ಚೀಟಿಗಳಲ್ಲಿ ಬರೆದು ಕಲಸಿಬಿಡಿ. ಒಂದೊಂದೇ ಎತ್ತಿ, ಮೊದಲ ಸಾಲು ಮಾತ್ರ ಬರೆಯಿರಿ. ಪೂರ್ತಿ ಬಿಡಿಸಬೇಡಿ. ಮೇಲೆ 2ಎಕ್ಸ್, ಕೆಳಗೆ 1 ಪ್ಲಸ್ ಎಕ್ಸ್ ಸ್ಕ್ವೇರ್ ಇದ್ದರೆ, ಕೆಳಗಿನದರ ಡೆರಿವೇಟಿವ್ ಮೇಲೆ ಕೂತಿದೆ, ಲಾಗ್ ಬರುತ್ತದೆ. ಮೇಲೆ 1, ಕೆಳಗೆ ಎಕ್ಸ್ ಸ್ಕ್ವೇರ್ ಪ್ಲಸ್ 2ಎಕ್ಸ್ ಪ್ಲಸ್ 2 ಇದ್ದರೆ, ಕೆಳಗಿನದನ್ನು ಪೂರ್ಣ ವರ್ಗ ಮಾಡಬೇಕು, ಟ್ಯಾನ್ ಇನ್‌ವರ್ಸ್ ಬರುತ್ತದೆ. ಎಕ್ಸ್ ಇಂಟು ಸೈನ್ ಎಕ್ಸ್ ಅಂದರೆ ಬೈ ಪಾರ್ಟ್ಸ್, ಇಲೇಟ್ ನಿಯಮದ (ಇನ್‌ವರ್ಸ್, ಲಾಗ್, ಆಲ್ಜೀಬ್ರಾ, ಟ್ರಿಗ್, ಎಕ್ಸ್‌ಪೊನೆನ್ಷಿಯಲ್ ಅನ್ನುವ ಕ್ರಮದ) ಪ್ರಕಾರ ಎಕ್ಸ್ ಮೊದಲು. ಲಾಗ್ ಎಕ್ಸ್ ಒಂದೇ ಇದ್ದರೆ? ಇಲ್ಲಿ ತುಂಬಾ ಮಕ್ಕಳು ನಿಂತುಬಿಡುತ್ತಾರೆ. ಪಕ್ಕದಲ್ಲಿ ಕಾಣದ ಒಂದು 1 ಇದೆ. ಲಾಗ್ ಎಕ್ಸ್ ಇಂಟು 1 ಅಂತ ಬರೆದುಕೊಂಡರೆ ಅದೂ ಬೈ ಪಾರ್ಟ್ಸ್ ಆಯಿತು. 30 ಚೀಟಿಗೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಬೇಡ. ಮೊದಲ ಸಾಲು ಹೊಳೆಯದ ಚೀಟಿಗಳನ್ನು ಪಕ್ಕಕ್ಕಿಟ್ಟು, ಅವನ್ನು ಮಾತ್ರ ಪೂರ್ತಿ ಮಾಡಿ.

ಕೆಲವು ಲೆಕ್ಕಗಳನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಸೊನ್ನೆಯಿಂದ ಪೈ ಬೈ 4ರವರೆಗೆ ಲಾಗ್ ಆಫ್ 1 ಪ್ಲಸ್ ಟ್ಯಾನ್ ಎಕ್ಸ್ ಅದರಲ್ಲೊಂದು. ಬಾಯಿಪಾಠ ಮಾಡಿದ್ದು ಹೆದರಿಕೆಯಲ್ಲಿ ಮೊದಲು ಮರೆಯುತ್ತದೆ. ಅರ್ಥ ಮಾಡಿಕೊಂಡರೆ ಅದು ಚಿಕ್ಕದು. ಗದ್ದೆಯನ್ನು ಎಡದ ಬದುವಿನಿಂದ ಅಳೆದರೂ ಬಲದ ಬದುವಿನಿಂದ ಅಳೆದರೂ ವಿಸ್ತೀರ್ಣ ಒಂದೇ ಅಲ್ವಾ? ಸೊನ್ನೆಯಿಂದ ಎವರೆಗಿನ ಇಂಟಿಗ್ರಲ್‌ನಲ್ಲಿ ಎಕ್ಸ್ ಬದಲು ಎ ಮೈನಸ್ ಎಕ್ಸ್ ಹಾಕಬಹುದು ಅನ್ನುವ ಗುಣಲಕ್ಷಣ ಅಷ್ಟೇ. ಇಲ್ಲಿ ಹಾಗೆ ಹಾಕಿದಾಗ ಲಾಗ್ 2 ಮೈನಸ್ ಅದೇ ಹಳೆಯ ಲಾಗ್ ಬರುತ್ತದೆ. ಈ ಇಂಟಿಗ್ರಲ್ ಅನ್ನು ಐ ಅಂತ ಕರೆದು ಎರಡನ್ನೂ ಕೂಡಿದರೆ, 2ಐ ಅಂದರೆ ಪೈ ಬೈ 4 ಇಂಟು ಲಾಗ್ 2. ಉತ್ತರ ಪೈ ಬೈ 8 ಇಂಟು ಲಾಗ್ 2.

ಕನ್ನಡ ಮೀಡಿಯಂನಿಂದ ಬಂದದ್ದಕ್ಕೆ ಹಿಂಜರಿಯಬೇಡಿ. ಅವಕಲನ, ಅನುಕಲನ ಅಂತ ಕನ್ನಡದಲ್ಲೇ ಯೋಚಿಸಿದರೂ ಸೂತ್ರ ಒಂದೇ. ಇಂಗ್ಲಿಷ್ ಪ್ರಶ್ನೆಯಲ್ಲಿ ಬರುವ ಪದಗಳು ಕೆಲವೇ. ಹೆನ್ಸ್, ಎವ್ಯಾಲ್ಯುಯೇಟ್, ಬೌಂಡೆಡ್ ಬೈ, ವಿತ್ ರೆಸ್ಪೆಕ್ಟ್ ಟು ಇಂಥವು. ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ಹೆನ್ಸ್ ಅಂದರೆ ಮೇಲೆ ಸಾಧಿಸಿದ್ದನ್ನೇ ಕೆಳಗೆ ಬಳಸು ಅಂತ. ಅದೊಂದು ಪದ ಗೊತ್ತಿದ್ದರೆ ಅರ್ಧ ದಾರಿ ಪ್ರಶ್ನೆಯೇ ತೋರಿಸುತ್ತದೆ.

ಪುಸ್ತಕದ 13 ಅಧ್ಯಾಯಗಳಲ್ಲಿ 5ರಿಂದ 9ರವರೆಗಿನವು ಕ್ಯಾಲ್ಕುಲಸ್. ಉಳಿದ 8 ಅಧ್ಯಾಯಗಳೂ ಇವೆ. ಪರೀಕ್ಷೆಯ ದಿನ ಮ್ಯಾಟ್ರಿಕ್ಸ್‌ನಂಥ, ಕೈಗೆ ಚೆನ್ನಾಗಿ ಕೂತಿರುವ ಲೆಕ್ಕದಿಂದ ಶುರು ಮಾಡಿ. ಮೊದಲ ಹತ್ತು ನಿಮಿಷ ಪೆನ್ನು ಓಡಿದರೆ ಎದೆ ಬಡಿತ ತಾನಾಗಿ ಇಳಿಯುತ್ತದೆ. ಇಂಟಿಗ್ರೇಷನ್ ಸಿಕ್ಕಿಕೊಂಡರೆ ಬರುವಷ್ಟು ಬರೆದು, ಜಾಗ ಬಿಟ್ಟು ಮುಂದೆ ಹೋಗಿ. ನಾವು ಹಂತಹಂತಕ್ಕೆ ಅಂಕ ಕೊಡುತ್ತೇವೆ. ಕೊನೆ ಸಾಲು ತಪ್ಪಿದರೂ ಮೇಲಿನದಕ್ಕೆ ಅಂಕ ಸಿಗುತ್ತದೆ. ದಯವಿಟ್ಟು ಏನನ್ನೂ ಅವಸರದಲ್ಲಿ ಹೊಡೆದುಹಾಕಬೇಡಿ.

ಹಿಂದಿನ ರಾತ್ರಿ ಹೊಸ ಲೆಕ್ಕ ಮುಟ್ಟಬೇಡಿ, ನಿದ್ದೆ ಮಾಡಿ. ಈ ಪತ್ರಿಕೆ 80 ಅಂಕದ್ದು, 20 ಇಂಟರ್ನಲ್. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ, ಜಾಸ್ತಿ ಬಂದ ಅಂಕ ಉಳಿಯುತ್ತದೆ. ಇದನ್ನು ಮನೆಯಲ್ಲಿ ಅಪ್ಪ ಅಮ್ಮನಿಗೂ ಹೇಳಿಡಿ. ಅವರ ಆತಂಕ ಕಡಿಮೆಯಾದರೆ ನಿಮಗೂ ಹಗುರ.

ಪ್ರಿಪರೇಟರಿಯಲ್ಲಿ ನಿಮ್ಮನ್ನು ನಿಲ್ಲಿಸಿದ ಲೆಕ್ಕ ಯಾವುದು ಅಂತ ಬರೆಯಿರಿ. ಅದರ ಮೊದಲ ಸಾಲು ಎಲ್ಲಿಂದ ಹಿಡಿಯಬಹುದು ಅಂತ ಒಟ್ಟಿಗೆ ನೋಡೋಣ.