ಟೀ ಶರ್ಟಿನ ಲೇಬಲ್ ಓದಿಸಿದ ಬ್ಯಾಂಡ್

ಡ್ರಾಪ್‌ಕಿಕ್ ಮರ್ಫೀಸ್ ಎಂಬ ಅಮೆರಿಕದ ಪಂಕ್ ಬ್ಯಾಂಡಿನ ಹೊಸ ಆಲ್ಬಂ 'ಫಾರ್ ದಿ ಪೀಪಲ್' ಬಗ್ಗೆ ಹೋದ ಸಲ ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತದೆ ಅಂದುಕೊಂಡಿರಲಿಲ್ಲ. ಕೆಲವರು ಕುತೂಹಲದಿಂದ ಕೇಳಿದ್ದೀರಿ, ಇಬ್ಬರು ಸಿಟ್ಟಿನಿಂದ ಬರೆದಿದ್ದೀರಿ. ಆದಷ್ಟಕ್ಕೆ ಇಲ್ಲಿ ಉತ್ತರಿಸುತ್ತೇನೆ. ನಾನು 2008ರಿಂದ ಒಂಬತ್ತು ವರ್ಷ ಬಾಸ್ಟನ್‌ನಲ್ಲಿದ್ದೆ. ಅಲ್ಲಿನ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದೆ. ಈ ಬ್ಯಾಂಡ್ ನನಗೆ ಪರಿಚಯವಾದದ್ದು ಆ ಅಡುಗೆಮನೆಯ ರೇಡಿಯೊದಲ್ಲಿ. ಹಾಗಾಗಿ ನನ್ನ ಉತ್ತರಗಳಲ್ಲಿ ಆ ಅಡುಗೆಮನೆ ಆಗಾಗ ಬರುತ್ತದೆ.

ಪ್ರಶ್ನೆ: ಮೇಡಂ, ಪಂಕ್ ಅಂದರೆ ಕೂದಲು ನಿಗುರಿಸಿಕೊಂಡು ಕಿರುಚುವುದು ಅಂತ ಗೊತ್ತಿತ್ತು. ಅದರಲ್ಲಿ ಬ್ಯಾಗ್‌ಪೈಪ್ ಯಾಕೆ ಬಂತು? ಯಾರಿವರು?

ಉತ್ತರ: ಬಾಸ್ಟನ್ ಪಕ್ಕದಲ್ಲೇ, ದಕ್ಷಿಣಕ್ಕೆ ಕ್ವಿನ್ಸಿ ಎಂಬ ಊರಿದೆ. ಈ ಬ್ಯಾಂಡ್ ಶುರುವಾದದ್ದು ಅಲ್ಲಿ, 1996ರಲ್ಲಿ. ಮೊದಮೊದಲು ಗೆಳೆಯನೊಬ್ಬನ ಕ್ಷೌರದಂಗಡಿಯ ನೆಲಮಾಳಿಗೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಹೆಸರಿನ ಹಿಂದೆಯೂ ಒಂದು ಕಥೆಯಿದೆ. ಜಾನ್ ಮರ್ಫಿ ಎಂಬ ಕುಸ್ತಿಪಟು ಇದ್ದರು. ಎಗರಿ ಎರಡೂ ಕಾಲಲ್ಲಿ ಒದೆಯುವ ಪಟ್ಟಿಗೆ ಡ್ರಾಪ್‌ಕಿಕ್ ಅನ್ನುತ್ತಾರೆ, ಅದೇ ಅವರ ಅಡ್ಡಹೆಸರು. ಅವರು ಮ್ಯಾಸಚೂಸೆಟ್ಸ್‌ನ ಆಕ್ಟನ್‌ನಲ್ಲಿ ಕುಡಿತ ಬಿಡಿಸುವ ಕೇಂದ್ರ ನಡೆಸುತ್ತಿದ್ದರು. ಬ್ಯಾಂಡಿನವರು ಆ ಹೆಸರನ್ನೇ ಇಟ್ಟುಕೊಂಡರು.

ಬ್ಯಾಗ್‌ಪೈಪ್, ಅಂದರೆ ಚೀಲಕ್ಕೆ ಗಾಳಿ ತುಂಬಿ ನುಡಿಸುವ ಆ ವಾದ್ಯ, ಬಂದದ್ದು ಐರಿಷ್ ಮನೆಗಳಿಂದ. 1840ರ ದಶಕದ ಕೊನೆಯಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಬರ ಬಂತು. ಆಗ ಹಡಗು ಹತ್ತಿದವರಲ್ಲಿ ಎಷ್ಟೋ ಜನ ಬಾಸ್ಟನ್‌ನಲ್ಲಿ ಇಳಿದರು. ಬಂದರಿನಲ್ಲಿ, ಕಾರ್ಖಾನೆಗಳಲ್ಲಿ, ಮನೆಗೆಲಸದಲ್ಲಿ ದುಡಿದರು. ಅವರ ಜೊತೆ ಹಾಡುಗಳೂ ಬಂದವು. ಆ ಹಳೇ ಹಾಡುಗಳನ್ನು ಪಂಕ್ ವೇಗಕ್ಕೆ ಹೊಂದಿಸುವ ದಾರಿಯನ್ನು 1982ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ದಿ ಪೋಗ್ಸ್ ಬ್ಯಾಂಡ್ ತೋರಿಸಿತ್ತು. ಇವರು ಅದನ್ನೇ ಹಿಡಿದು ಇನ್ನಷ್ಟು ಒರಟಾಗಿ, ಜೋರಾಗಿ ಬಾರಿಸಿದರು. ಬ್ಯಾಗ್‌ಪೈಪಿನಲ್ಲಿ ನಮ್ಮ ಶ್ರುತಿಪೆಟ್ಟಿಗೆಯ ಹಾಗೆ ಒಂದು ಸ್ವರ ಕೆಳಗೆ ನಿಲ್ಲದೆ ಮೊಳಗುತ್ತಿರುತ್ತದೆ. ಅದನ್ನು ಹಿಡಿದುಕೊಂಡು ಕೇಳಿದರೆ ಗಿಟಾರಿನ ಗದ್ದಲ ಕಿವಿಗೆ ಅಷ್ಟು ಹೊಡೆಯುವುದಿಲ್ಲ.

ಪ್ರಶ್ನೆ: ಈ ಬ್ಯಾಂಡಿನ ಹಾಡುಗಾರ ವೇದಿಕೆ ಮೇಲಿಂದ ಟ್ರಂಪ್ ಬೆಂಬಲಿಗನ ಅಂಗಿ ಬಿಚ್ಚಿಸಿದನಂತೆ. ಒಬ್ಬನನ್ನು ಹೀಗೆ ಎಲ್ಲರ ಮುಂದೆ ಅವಮಾನ ಮಾಡುವುದು ಸರಿಯಾ?

ಉತ್ತರ: ನಡೆದದ್ದು ಅಷ್ಟೇ ಅಲ್ಲ. ಪೂರ್ತಿ ಹೇಳುತ್ತೇನೆ, ಆಮೇಲೆ ನೀವೇ ನಿರ್ಧರಿಸಿ.

2025ರ ಮಾರ್ಚ್. ಫ್ಲಾರಿಡಾದ ಕ್ಲಿಯರ್‌ವಾಟರ್ ಊರಲ್ಲಿ ಕಾರ್ಯಕ್ರಮ. ಜನರ ನಡುವೆ ಒಬ್ಬ ಟ್ರಂಪ್ ಟೀ ಶರ್ಟ್ ಹಾಕಿಕೊಂಡು ನಿಂತಿದ್ದ. ಹಾಡುಗಾರ ಕೆನ್ ಕೇಸಿ ಅವನನ್ನು ಹೊರಗೆ ಹಾಕಿಸಲಿಲ್ಲ. ಒಂದು ಪಂಥ ಕಟ್ಟಿದ. ನಾವು ಮಾರುವ ಅಂಗಿಗಳು ಅಮೆರಿಕದಲ್ಲೇ ತಯಾರಾದವು, ನಿನ್ನ ಅಂಗಿಯೂ ಅಮೆರಿಕದಲ್ಲಿ ತಯಾರಾಗಿದ್ದರೆ ನಿನಗೆ 100 ಡಾಲರ್ ಕೊಡುತ್ತೇನೆ, ನಮ್ಮ ಅಂಗಿಯನ್ನೂ ಕೊಡುತ್ತೇನೆ. ಆಗಿಲ್ಲದಿದ್ದರೆ ಇಬ್ಬರೂ ಅಂಗಿ ಬದಲಾಯಿಸಿಕೊಳ್ಳೋಣ. ಆ ಮನುಷ್ಯ ಒಪ್ಪಿದ. ಕುತ್ತಿಗೆ ಹಿಂದಿನ ಲೇಬಲ್ ಓದಿದರು. ನಿಕರಾಗುವಾ ಅಂತಿತ್ತು. ಅವನು ನಗುನಗುತ್ತಲೇ ಅಂಗಿ ಬದಲಾಯಿಸಿದ. ಕೇಸಿ ಮೈಕಿನಲ್ಲಿ ಅವನನ್ನು ಹೊಗಳಿದ. ಹಾಡು ಮುಂದುವರಿಯಿತು.

ನನಗೆ ಇಲ್ಲಿ ಅವಮಾನ ಕಾಣುವುದಿಲ್ಲ. ಅವನನ್ನು ಕೆಟ್ಟವನು ಅಂತ ಯಾರೂ ಕರೆಯಲಿಲ್ಲ, ಹೊರಗೆ ಹೋಗು ಅನ್ನಲಿಲ್ಲ. ದೇಶದ ದುಡಿಮೆಗಾರರ ಪರ ಅಂತ ಮಾರಿದ ಅಂಗಿಯನ್ನು ಎಲ್ಲಿಯ ದುಡಿಮೆಗಾರರು ಹೊಲಿದರು ಅಂತ ಅವನ ಕೈಯಲ್ಲೇ ಓದಿಸಿದರು, ಅಷ್ಟೇ. ಆ ಅಂಗಿ ಹೊಲಿದ ನಿಕರಾಗುವಾದ ಹೆಂಗಸರ ಬಗ್ಗೆಯೂ ನನಗೆ ಯೋಚನೆ ಬಂತು. ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಸುಳ್ಳು ಇದ್ದದ್ದು ಮಾರಿದವರ ಮಾತಿನಲ್ಲಿ.

ಈ ಬ್ಯಾಂಡಿನ ರಾಜಕೀಯ ಅರ್ಥವಾಗಬೇಕಾದರೆ ಈ ಘಟನೆಯಿಂದ ಶುರು ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅವರು ಪಕ್ಷದಿಂದ ಶುರು ಮಾಡುವುದಿಲ್ಲ. ಕೆಲಸದಿಂದ ಶುರು ಮಾಡುತ್ತಾರೆ. ಯಾರು ಮಾಡಿದ್ದು, ಎಷ್ಟು ಕೂಲಿ ಸಿಕ್ಕಿತು, ಲಾಭ ಯಾರ ಜೇಬಿಗೆ ಹೋಯಿತು. ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದಂದೇ ಬಿಡುಗಡೆ ಮಾಡಿದ ಈ ಆಲ್ಬಂ ಕೇಳುವ ಪ್ರಶ್ನೆಯೂ ಅದೇ.

ಪ್ರಶ್ನೆ: ಹಾಡುವವರು ಹಾಡಿಕೊಂಡಿರಬೇಕು. ರಾಜಕೀಯ ಸೇರಿಸಿದರೆ ಹಾಡೂ ಕೆಡುತ್ತದೆ, ಕೇಳುವವರೂ ಒಡೆಯುತ್ತಾರೆ. ನೀವು ಇಂಥವರನ್ನು ಹೊಗಳಿದ್ದು ನನಗೆ ಬೇಸರ ತಂದಿತು.

ಉತ್ತರ: ನಿಮ್ಮ ಬೇಸರವನ್ನು ನೇರವಾಗಿ ಬರೆದಿದ್ದಕ್ಕೆ ಖುಷಿಯಾಯಿತು. ನಾನೂ ನೇರವಾಗಿ ಹೇಳುತ್ತೇನೆ.

2011ರ ಫೆಬ್ರವರಿ ನನಗೆ ಚೆನ್ನಾಗಿ ನೆನಪಿದೆ. ವಿಸ್ಕಾನ್ಸಿನ್ ರಾಜ್ಯದ ಗವರ್ನರ್ ಸ್ಕಾಟ್ ವಾಕರ್ ಒಂದು ಮಸೂದೆ ತಂದರು. ಸರ್ಕಾರಿ ನೌಕರರ ಸಂಘಗಳು ಒಟ್ಟಾಗಿ ಕೂತು ಸಂಬಳ, ಕೆಲಸದ ಷರತ್ತು ಮಾತಾಡುವ ಹಕ್ಕನ್ನು ಹೆಚ್ಚುಕಮ್ಮಿ ಪೂರ್ತಿ ಕಿತ್ತುಕೊಳ್ಳುವ ಮಸೂದೆ ಅದು. ಶಾಲೆಯ ಮೇಷ್ಟ್ರುಗಳು, ಶಾಲೆಯ ನೌಕರರು ಎಲ್ಲ ಅದರಲ್ಲಿ ಬಂದರು. ಚಳಿಯಲ್ಲಿ ಸಾವಿರಾರು ಜನ ಮ್ಯಾಡಿಸನ್‌ನ ಶಾಸನಸಭೆಯ ಕಟ್ಟಡದೊಳಗೆ ನೆಲದ ಮೇಲೆ ಮಲಗಿದರು. ನಾವಿದ್ದದ್ದು ಬೇರೆ ರಾಜ್ಯ. ಆದರೂ ನಮ್ಮ ಅಡುಗೆಮನೆಯಲ್ಲಿ ಬೆಳಗಿನ ಪಾಳಿಯ ಐದೂ ಹೆಂಗಸರು ಆ ಸುದ್ದಿ ಕೇಳಿ ಸುಮ್ಮನಾಗಿಬಿಟ್ಟಿದ್ದೆವು. ಯಾಕೆಂದರೆ ಅದರ ಹಿಂದಿನ ವರ್ಷ ನಮ್ಮ ಕೆಲಸದ ಗಂಟೆಗಳನ್ನು ಇದ್ದಕ್ಕಿದ್ದಂತೆ ಕಡಿಮೆ ಮಾಡಿದ್ದರು. ವಾರಕ್ಕೆ ನಾಲ್ಕು ಗಂಟೆ ಅಂದರೆ ಕೇಳುವವರಿಗೆ ಸಣ್ಣದು. ನನಗೆ ಅದು ಮಗನ ಬಸ್ ಪಾಸು, ತಿಂಗಳ ಕೊನೆಯ ತರಕಾರಿ. ಸಂಘದಿಂದ ಒಬ್ಬ ಹೆಂಗಸು ಬಂದರು, ಮೂರು ಸಲ ಕೂತು ಮಾತಾಡಿದರು, ಗಂಟೆಗಳು ವಾಪಸ್ ಬಂದವು. ಆ ಮಾತಾಡುವ ಹಕ್ಕೇ ಹೋದರೆ ಏನಾಗುತ್ತದೆ ಅಂತ ನಮಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಆಗ ಈ ಬ್ಯಾಂಡಿನ ಹೊಸ ಆಲ್ಬಂ ಮಾರ್ಚ್‌ನಲ್ಲಿ ಬರುವುದಿತ್ತು. ಅದರಲ್ಲಿದ್ದ 'ಟೇಕ್ ಎಮ್ ಡೌನ್' ಎಂಬ ಹಾಡನ್ನು ಅವರು ಮೊದಲೇ ಹೊರಗೆ ಬಿಟ್ಟರು, ವಿಸ್ಕಾನ್ಸಿನ್‌ನ ನೌಕರರಿಗಾಗಿ ಅಂತ ಹೇಳಿ. ಅಂಗಿ ಮಾರಿ ಹೋರಾಟದ ನಿಧಿಗೆ ಹಣ ಕೊಟ್ಟರು. ನಮ್ಮ ಅಡುಗೆಮನೆಯಲ್ಲಿ ಆ ಹಾಡು ದಿನಾ ಬೆಳಗ್ಗೆ ಮೊಳಗಿತು. ಅದು ಪಾತ್ರೆ ತೊಳೆಯುವ ಸದ್ದಿಗೂ ಮೀರಿ ಕೇಳುವ ಹಾಡು. ಆ ಹಾಡು ನನ್ನ ಪಾಲಿಗೆ ಒಡೆಯುವ ಹಾಡಾಗಿರಲಿಲ್ಲ. ಐದು ಬೇರೆಬೇರೆ ದೇಶದಿಂದ ಬಂದ ಹೆಂಗಸರು ಒಂದೇ ಸಾಲನ್ನು ಒಟ್ಟಿಗೆ ಕೂಗಿದ್ದು ಅದೊಂದೇ ಹಾಡಿಗೆ.

ಮಸೂದೆ ಪಾಸಾಯಿತು, ಕಾನೂನಾಯಿತು. ಅದನ್ನೂ ಹೇಳಬೇಕು. ನಾಲ್ಕು ವರ್ಷ ಬಿಟ್ಟು, 2015ರ ಜನವರಿಯಲ್ಲಿ ಅದೇ ವಾಕರ್ ಅಯೋವಾದ ಒಂದು ಸಭೆಯಲ್ಲಿ ವೇದಿಕೆ ಹತ್ತುವಾಗ ಇದೇ ಬ್ಯಾಂಡಿನ ಪ್ರಸಿದ್ಧ ಹಾಡನ್ನು ಹಾಕಿಸಿಕೊಂಡರು. ನಮ್ಮ ಹಾಡು ಬಳಸಬೇಡಿ ಅಂತ ಬ್ಯಾಂಡ್ ಎಲ್ಲರೆದುರು ಕಟುವಾಗಿ ಹೇಳಿತು. ನೋಡಿ, ಹಾಡಿನೊಳಗೆ ರಾಜಕೀಯ ತರುವವರು ಹಾಡುಗಾರರು ಮಾತ್ರ ಅಲ್ಲ ಅಲ್ವಾ? ರಾಜಕಾರಣಿಗಳಿಗೆ ಹಾಡಿನ ಹುರುಪು ಬೇಕು. ಅದರ ಜೊತೆ ಬರುವ ಮಾತು ಬೇಡ.

ಪ್ರಶ್ನೆ: ಈಗ ಟ್ರಂಪ್ ವಿರೋಧ ಚೆನ್ನಾಗಿ ಮಾರಾಟವಾಗುತ್ತೆ, ಅದಕ್ಕೇ ಈ ಆಲ್ಬಂ ಅಂತ ನನ್ನ ಅನುಮಾನ.

ಉತ್ತರ: ಮೇಲಿನ ಉತ್ತರ ನಿಮಗೂ ಸಲ್ಲುತ್ತದೆ. ಇನ್ನೆರಡು ಮಾತು ಸೇರಿಸುತ್ತೇನೆ. ಕೇಸಿ 2009ರಲ್ಲೇ ಕ್ಲಾಡಾ ಫಂಡ್ ಎಂಬ ನಿಧಿ ಶುರು ಮಾಡಿದರು. ಕುಡಿತ, ಮಾದಕ ವಸ್ತುಗಳಿಂದ ಹೊರಬರುವವರಿಗೆ, ಮಕ್ಕಳಿಗೆ, ಮಾಜಿ ಸೈನಿಕರಿಗೆ ಅದು ನೆರವಾಗುತ್ತದೆ. ಇನ್ನೊಂದು, ಇವರ ಅಭಿಮಾನಿಗಳಲ್ಲಿ ಪೊಲೀಸರು, ಬೆಂಕಿ ಆರಿಸುವವರು, ಕಟ್ಟಡ ಕೆಲಸದವರು ಜಾಸ್ತಿ. ಅವರಲ್ಲಿ ಟ್ರಂಪ್‌ಗೆ ಮತ ಹಾಕಿದವರೂ ಎಷ್ಟೋ ಜನ. ತನ್ನ ಟಿಕೆಟ್ ಕೊಳ್ಳುವವನ ಮುಖಕ್ಕೇ ನೀನು ಮೋಸ ಹೋಗಿದ್ದೀಯ ಅನ್ನುವುದು ಲಾಭದ ದಾರಿಯಾಗಿ ನನಗಂತೂ ಕಾಣುವುದಿಲ್ಲ.

ಪ್ರಶ್ನೆ: ಅಕ್ಕಾ, ನಾನು ಡಿಗ್ರಿ ಓದುತ್ತಿದ್ದೇನೆ. ಆಲ್ಬಂ ಕೇಳಿದೆ. ಒಂದೇ ಸಮನೆ ಗಲಾಟೆ ಅನಿಸಿತು, ಪದಗಳೂ ತಿಳಿಯಲಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಸಾಹಿತ್ಯ ಎದುರಿಗೆ ಇಟ್ಟುಕೊಳ್ಳಮ್ಮ. ಬಾಸ್ಟನ್ ಉಚ್ಚಾರಣೆ ನನಗೂ ಎರಡು ವರ್ಷ ತಿಳಿಯಲಿಲ್ಲ.

ಮೊದಲ ಹಾಡು 'ಹೂ'ಲ್ ಸ್ಟ್ಯಾಂಡ್ ವಿತ್ ಅಸ್' ಆಲ್ಬಮ್ಮಿನ ಬಾಗಿಲು ಇದ್ದ ಹಾಗೆ. ದುಡಿಯುವವರು ಕಟ್ಟಿದ್ದನ್ನೆಲ್ಲ ಉಳ್ಳವರು ಅನುಭವಿಸುತ್ತಾರೆ, ನಮ್ಮನ್ನು ನಮ್ಮನಮ್ಮಲ್ಲೇ ಜಗಳಕ್ಕೆ ಬಿಟ್ಟಿದ್ದಾರೆ, ನಮ್ಮ ಜೊತೆ ಯಾರು ನಿಲ್ಲುತ್ತೀರಿ ಅಂತ ಕೇಳುತ್ತದೆ. ಆದರೆ ನೀನು ಶುರು ಮಾಡಬೇಕಾದ್ದು ಅಲ್ಲಿಂದ ಅಲ್ಲ. 'ಸ್ಕೂಲ್ ಡೇಸ್ ಓವರ್'ನಿಂದ ಶುರು ಮಾಡು. ಇದು ಇವರ ಸ್ವಂತ ಹಾಡಲ್ಲ, ಬ್ರಿಟನ್ನಿನ ಯುವನ್ ಮೆಕಾಲ್ ಬರೆದದ್ದು. ಶಾಲೆ ಮುಗಿಯಿತು ಮಗನೇ, ಏಳು, ಇನ್ನು ಗಣಿಗೆ ಹೋಗಬೇಕು ಅಂತ ಹುಡುಗನನ್ನು ಎಬ್ಬಿಸುವ ಹಾಡು. ಒಂದು ಬೈಗುಳ ಇಲ್ಲ, ಒಂದು ಘೋಷಣೆ ಇಲ್ಲ. ಓದಬೇಕಾದ ಹುಡುಗ ಕತ್ತಲೆಗೆ ಇಳಿಯುತ್ತಿದ್ದಾನೆ, ಅಷ್ಟೇ. ಇದರಲ್ಲಿ ಜೊತೆಗೆ ಹಾಡಿರುವವರು ಬಿಲ್ಲಿ ಬ್ರ್ಯಾಗ್. 1984ರಲ್ಲಿ ಬ್ರಿಟನ್ನಿನ ಗಣಿ ಕಾರ್ಮಿಕರು ಒಂದು ವರ್ಷ ಮುಷ್ಕರ ಹೂಡಿದಾಗ ಅವರಿಗಾಗಿ ಊರೂರಲ್ಲಿ ಹಾಡಿದವರು ಅವರು. ಅದು ಗೊತ್ತಿದ್ದು ಕೇಳಿದರೆ ಅವರ ಗಂಟಲು ಬೇರೆಯೇ ಕೇಳಿಸುತ್ತದೆ.

ಆಮೇಲೆ 'ಚೆಸ್ಟರ್‌ಫೀಲ್ಡ್ಸ್ ಅಂಡ್ ಆಫ್ಟರ್‌ಶೇವ್' ಕೇಳು. ಕೇಸಿ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. ಬೆಳೆಸಿದ್ದು ತಾತ. ಚೆಸ್ಟರ್‌ಫೀಲ್ಡ್ ಅನ್ನುವುದು ಸಿಗರೇಟು. ಆ ಹೊಗೆ, ಶೇವ್ ಆದ ಮೇಲೆ ಹಚ್ಚಿಕೊಳ್ಳುವ ಆ ದ್ರವದ ವಾಸನೆ, ಇವೆರಡರಲ್ಲಿ ತಾತನನ್ನು ನೆನೆಯುವ ಹಾಡು. ಇದನ್ನು ರಾಜಕೀಯ ಹಾಡು ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಹಿಡಿಯುತ್ತೇನೆ. ಉಳಿದ ಹಾಡುಗಳ ಸಿಟ್ಟು ಯಾರ ಪರವಾಗಿ ಅಂತ ಗೊತ್ತಾಗುವುದು ಇಲ್ಲೇ.

ಒಂದೇ ಸಮನೆ ಗಲಾಟೆ ಅಂದೆಯಲ್ಲ, ಅದು ಪೂರ್ತಿ ತಪ್ಪಲ್ಲ. ನಡುವಿನ ಎರಡು ಮೂರು ಹಾಡುಗಳ ತಾಳ ಒಂದೇ ಥರ ಇದೆ. ಗುಂಪಾಗಿ ಕೂಗುವ ಪಲ್ಲವಿಗಳೂ ಹೆಚ್ಚಾದವು ಅನಿಸಿತು. ಇದು ಇವರ 13ನೇ ಸ್ಟುಡಿಯೊ ಆಲ್ಬಂ, ಅಭ್ಯಾಸಬಲ ಅಲ್ಲಲ್ಲಿ ಕಾಣುತ್ತದೆ. ಸ್ವಲ್ಪ ಮೆತ್ತಗೆ ಕೇಳಬೇಕು ಅನಿಸಿದರೆ 2022ರ 'ದಿಸ್ ಮಷೀನ್ ಸ್ಟಿಲ್ ಕಿಲ್ಸ್ ಫ್ಯಾಸಿಸ್ಟ್ಸ್' ಹಾಕಿಕೊ. ಒಕ್ಲಹೋಮದ ಒಕೀಮಾದಲ್ಲಿ 1912ರಲ್ಲಿ ಹುಟ್ಟಿದ ಜಾನಪದ ಹಾಡುಗಾರ ವುಡಿ ಗುತ್ರಿ ಬರೆದಿಟ್ಟುಹೋದ ಸಾಲುಗಳಿಗೆ ಇವರು ರಾಗ ಹಾಕಿದ್ದಾರೆ. ಕರೆಂಟ್ ಗಿಟಾರ್ ಇಲ್ಲ.

ಪ್ರಶ್ನೆ: ಹಳೇ ಆಲ್ಬಂಗಳಲ್ಲಿ ಇನ್ನೊಬ್ಬ ಹಾಡುಗಾರ ಇದ್ದರಲ್ಲ, ಗೊಗ್ಗರು ಕಂಠದವರು. ಅವರೆಲ್ಲಿ? ಜಗಳವಾಯಿತೇ?

ಉತ್ತರ: ಅವರು ಅಲ್ ಬಾರ್. 1998ರಲ್ಲಿ ಸೇರಿದವರು. ಜಗಳ ಏನೂ ಇಲ್ಲ. ಅವರ ತಾಯಿಗೆ ಲೂಯಿ ಬಾಡಿ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ ಬಂತು. ನೋಡಿಕೊಳ್ಳಲು 2022ರಲ್ಲಿ ಅವರು ಪ್ರವಾಸ ಬಿಟ್ಟು ಮನೆಯಲ್ಲಿ ಉಳಿದರು. ಆ ವರ್ಷಗಳ ಕಛೇರಿಗಳಲ್ಲಿ ಅವರ ಪಾಲನ್ನೂ ಕೇಸಿಯೇ ಹಾಡಿದರು.

ನನ್ನ ಅಮ್ಮನಿಗೂ ಕೊನೆಯ ಮೂರು ವರ್ಷ ನೆನಪು ಹೋಗಿತ್ತು. ನಾನು ಬಾಸ್ಟನ್ ಬಿಟ್ಟು ಬಂದದ್ದು ಅದಕ್ಕೇ. ಮಧ್ಯಾಹ್ನ ನನ್ನನ್ನು ಗುರುತಿಸಿದವಳು ಸಂಜೆ ಯಾರಮ್ಮ ನೀನು ಅನ್ನುತ್ತಿದ್ದಳು. ಹಾಗಾಗಿ ಸಾವಿರಾರು ಜನರ ಮುಂದೆ ಕೂಗಿ ಹಾಡುತ್ತಿದ್ದ ಮನುಷ್ಯ ತಾಯಿಯ ಪಕ್ಕ ಕೂರಲು ಎಲ್ಲ ಬಿಟ್ಟು ಹೋದ ಅಂತ ಓದಿದ ದಿನ ನನಗೆ ತುಂಬಾ ಹೊತ್ತು ಏನೂ ಮಾಡಲಾಗಲಿಲ್ಲ.

ಹೊಸ ಆಲ್ಬಮ್ಮಿನಲ್ಲಿ 'ದಿ ವಲ್ಚರ್ಸ್ ಸರ್ಕಲ್ ಹೈ' ಎಂಬ ಹಾಡಿದೆ. ಅದರಲ್ಲಿ ಅಲ್ ಬಾರ್ ದನಿ ಮತ್ತೆ ಕೇಳುತ್ತದೆ. ನಾನು ಮೊದಲ ಸಲ ಕೇಳುವಾಗ ಯಾರು ಹಾಡಿದ್ದಾರೆ ಅಂತ ನೋಡಿರಲಿಲ್ಲ. ಆ ಗೊಗ್ಗರು ಕಂಠ ಬಂದ ತಕ್ಷಣ ಕೈಲಿದ್ದ ಸೌಟು ಕೆಳಗಿಟ್ಟು, ಮೊದಲಿನಿಂದ ಮತ್ತೆ ಹಾಕಿದೆ.